ತಿರುಗಣಿಯ ಸದ್ದು

ಅವಳು ಬಟ್ಟೆ ಹೊಲಿಯುವವಳು, ಅವನು ಎಂಜಿನ್ ಬಿಚ್ಚುವವನು. ಮದುವೆಯಾಗಿ ಇಪ್ಪತ್ತಾರು ವರ್ಷ. ಇಷ್ಟು ವರ್ಷದಲ್ಲಿ ಅವಳಿಗೆ ಹೊಟ್ಟೆಕಿಚ್ಚು ಹುಟ್ಟಿಸಿದ್ದು ಒಂದೇ ಒಂದು ವಸ್ತು. ಅದು ಮನೆಯ ಹಿಂದಿನ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿತ್ತು: ಹಸಿರು ಬಣ್ಣದ, ಎರಡೇ ಬಾಗಿಲಿನ, ನೆಲಕ್ಕೆ ತಗ್ಗಿ ಕೂತ ಹಳೆಯ ಕಾರು. "ನನ್ನ ಸವತಿದು ಊಟ ಆಯ್ತಾ?" ಎಂದು ಅವಳು ಕೇಳುವುದು, "ಆಯ್ತು, ಆಯಿಲ್ ಕುಡಿದು ಮಲಗಿದ್ದಾಳೆ" ಎಂದು ಅವನು ಕೈ ಒರೆಸಿಕೊಳ್ಳುತ್ತ ಬರುವುದು, ಇದು ಆ ಮನೆಯ ನಿತ್ಯದ ಮಾತು.

ಆ ಕಾರಿನೊಳಗಿದ್ದದ್ದು ರೋಟರಿ ಎಂಜಿನ್. ಪಿಸ್ಟನ್ ಇಲ್ಲದ, ಒಳಗೆ ಮೂರು ಮೂಲೆಯ ಕಬ್ಬಿಣದ ಗಟ್ಟಿ ತಿರುಗುವ ಎಂಜಿನ್. ಬೇರೆ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ ನೋಡಿ, ದೆವ್ವ ಕಂಡವರಂತೆ ಮುಚ್ಚಿ, "ಇದಕ್ಕೆ ತಿರುಗಣಿ ಮೇಸ್ತ್ರಿನೇ ಸರಿ" ಎಂದು ಇವನ ಹತ್ತಿರ ಸಾಗಹಾಕುತ್ತಿದ್ದರು. ಹಾಗಾಗಿ ಅವನ ಹೆಸರೇ ತಿರುಗಣಿ ಮೇಸ್ತ್ರಿ ಎಂದಾಗಿಹೋಗಿತ್ತು. ಅವನ ಬಂಡವಾಳ ಪಾನಾ ಪೆಟ್ಟಿಗೆಯಲ್ಲ, ಕಿವಿ. ಪ್ಲಗ್ ತೆಗೆದು, ಸ್ಟಾರ್ಟರ್ ತಿರುಗಿಸಲು ಹೇಳಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆ ತೂತಿನಿಂದ ಬುಸ್, ಬುಸ್, ಬುಸ್ ಎಂದು ಗಾಳಿ ಬರುತ್ತದೆ, ಮೂರು ಮುಖಕ್ಕೆ ಮೂರು ಉಸಿರು. ಮೂರರಲ್ಲಿ ಒಂದು ಕೂದಲೆಳೆಯಷ್ಟು ಸೊರಗಿದ್ದರೂ "ಒಂದು ಮೂಲೆ ಸೀಲ್ ಹೋಗಿದೆ, ಬಿಚ್ಚಬೇಕು" ಎನ್ನುತ್ತಿದ್ದ. ಅಳೆಯುವ ಮೀಟರು ಕಪಾಟಿನಲ್ಲಿತ್ತು. ಅದನ್ನು ಅವನು ಮುಟ್ಟಿದ್ದನ್ನು ಯಾರೂ ನೋಡಿಲ್ಲ.

ಅವಳೋ, ಮಹಾ ಮಾತುಗಾತಿ. ಕಾಲಿಗೆ ಮೋಟರಿನ ಹೊಲಿಗೆ ಯಂತ್ರ, ಬಾಯಿಗೆ ಊರಿನ ಸುದ್ದಿ, ಎರಡೂ ಒಟ್ಟಿಗೆ ಓಡುತ್ತಿದ್ದವು. ಅವನು ಊಟಕ್ಕೆ ಕೂತು "ಹೂಂ, ಹೂಂ" ಎನ್ನುತ್ತಿದ್ದನೇ ಹೊರತು ಕೇಳುತ್ತಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಎಂಜಿನ್ನಿನ ಉಸಿರು ಎಣಿಸುವ ಆ ಕಿವಿಗೆ ಹೆಂಡತಿಯ ಮಾತು ಮಾತ್ರ ಗಾಳಿಯ ಹಾಗೆ, ಇರುತ್ತದೆ ಎಂದು ಗಮನಕ್ಕೇ ಬರುತ್ತಿರಲಿಲ್ಲ. ಗಂಡಸರ ಹಣೆಬರಹವೇ ಅಷ್ಟು.

ಎರಡು ವರ್ಷದ ಹಿಂದೆ ಅವನ ಬಲಗಿವಿ ಹೋಯಿತು. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಡ್ಡೆ ಎಂದರು, ಕ್ಯಾನ್ಸರ್ ಅಲ್ಲ ಎಂದರು, ತೆಗೆದರು. ಒಂದು ಕಿವಿ ಸಾಕು ಬಿಡು ಎಂದು ಅವನು ತಲೆ ವಾಲಿಸಿ ಕೆಲಸ ಮುಂದುವರಿಸಿದ. ಈ ವರ್ಷ ಎಡಗಡೆಯ ನರದ ಮೇಲೂ ಅಂಥದೇ ಗಡ್ಡೆ ಕಾಣಿಸಿತು. ತಲೆ ಸುತ್ತು ಶುರುವಾಯಿತು. ಎರಡು ನಿಮಿಷ ನಿಂತರೆ ನೆಲ ಉಯ್ಯಾಲೆಯಾಗುತ್ತಿತ್ತು.

"ತೆಗೀದೇ ಇದ್ರೆ ಜೀವಕ್ಕೇ ಬರತ್ತೆ," ಎಂದರು ಡಾಕ್ಟರು. ವಯಸ್ಸಾದ ಹೆಂಗಸು, ಮಾತು ಸುತ್ತಿ ಬಳಸಿ ಆಡುವವರಲ್ಲ. "ತೆಗೆದ್ರೆ ಈ ಕಿವಿನೂ ಉಳಿಯಲ್ಲ."

"ಯಂತ್ರ ಏನಾದ್ರೂ ಹಾಕಿಸಿದ್ರೆ?" ಎಂದು ಅವಳು ಕೇಳಿದಳು.

"ನರವೇ ಹೋದಮೇಲೆ ಯಂತ್ರ ಯಾರಿಗೆ ಕೇಳಿಸ್ಬೇಕಮ್ಮ?"

ಹನ್ನೆರಡು ದಿನ ಬಿಟ್ಟು ಗುರುವಾರ ಬೆಳಿಗ್ಗೆ ಆಪರೇಷನ್, ಬುಧವಾರ ಮಧ್ಯಾಹ್ನವೇ ಬಂದು ಸೇರಬೇಕು ಎಂದು ಗೊತ್ತಾಯಿತು. ಮನೆಗೆ ಬಂದವನು ಮಲಗುವ ಕೋಣೆಗೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡು ನೇರ ಶೆಡ್ಡಿಗೆ ಹೋದ. ಅಲ್ಲಿ ಮೇಜಿನ ಮೇಲೆ ಆ ಕಾರಿನ ಎಂಜಿನ್ ಬಿಡಿಬಿಡಿಯಾಗಿ ಬಿದ್ದು ನಾಲ್ಕು ತಿಂಗಳಾಗಿತ್ತು. ಸೀಲ್ ಬದಲಿಸಲೆಂದು ಬಿಚ್ಚಿದ್ದ, ಅಷ್ಟರಲ್ಲಿ ತಲೆಸುತ್ತು ಬಂದು ಕೈಬಿಟ್ಟಿದ್ದ.

"ಲೇ," ಎಂದ. "ಒಂದೇ ಒಂದು ಸಲ ಇದರ ಸದ್ದು ಕೇಳಿ ಹೋಗ್ತೀನಿ. ಆಮೇಲೆ ಏನು ಬೇಕಾದ್ರೂ ಕುಯ್ಕೊಳ್ಲಿ."

"ಜೋಡಿಸೋರು ಯಾರು?"

ಅವನು ಅವಳ ಕೈ ನೋಡಿದ. ಸೂಜಿಗೆ ದಾರ ಪೋಣಿಸಲು ಇವತ್ತಿಗೂ ಕನ್ನಡಕ ಬೇಡದ ಕೈಕಣ್ಣು ಅವಳದ್ದು. ಅವಳು ಬಾಗಿಲಿಗೆ 'ಎರಡು ವಾರ ಹೊಲಿಗೆ ಇಲ್ಲ' ಎಂದು ಬರೆದು ಅಂಟಿಸಿ, ಕೂದಲು ಬಿಗಿದು ಕಟ್ಟಿ ಸವತಿಯ ಮುಂದೆ ಬಂದು ನಿಂತಳು.

ಅವನಿಗೆ ಬೆನ್ನಿರುವ ಕುರ್ಚಿ ಹಾಕಿಕೊಟ್ಟಳು. ಅವನು ಕೂತಲ್ಲಿಂದಲೇ ಹೇಳಬೇಕು, ಇವಳು ಮಾಡಬೇಕು. ಮೊದಲ ದಿನ ಅವಳು ಯಾವುದನ್ನೂ ಮುಟ್ಟಲಿಲ್ಲ. ಏನು ಎತ್ತ ಎಂದು ಗೊತ್ತಾಗದೆ ತಾನು ಕತ್ತರಿ ಹಾಕುವವಳಲ್ಲ ಎಂದು ಹಟ ಹಿಡಿದಳು. ಅವನಿಗೆ ಖುಷಿಯೋ ಖುಷಿ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಹೆಂಡತಿ ಅವನ ಎಂಜಿನ್ ಬಗ್ಗೆ ಕೇಳಿದ್ದಳಲ್ಲ.

"ಮಾಮೂಲಿ ಎಂಜಿನ್ನಲ್ಲಿ ಪಿಸ್ಟನ್ ಇರತ್ತೆ. ಮೇಲೆ ಓಡತ್ತೆ, ನಿಲ್ಲತ್ತೆ, ಕೆಳಗೆ ಓಡತ್ತೆ, ಮತ್ತೆ ನಿಲ್ಲತ್ತೆ. ನಿಮಿಷಕ್ಕೆ ಸಾವಿರಾರು ಸಲ ಇದೇ ಹೋಗು ಬಾ, ಹೋಗು ಬಾ. ಇದ್ರಲ್ಲಿ ಅದೆಲ್ಲ ಇಲ್ಲ. ಬರೀ ತಿರುಗೋದು. ಆ ಮೂರು ಮೂಲೇದು ಇದೆಯಲ್ಲ, ಅದು ರೋಟರ್. ಈ ಟೊಳ್ಳು ಅದರ ಮನೆ."

ಅವಳು ಆ ಲೋಹದ ಟೊಳ್ಳಿನೊಳಗೆ ಬೆರಳಾಡಿಸಿದಳು. "ಮೊಟ್ಟೆ ಆಕಾರ. ಸೊಂಟದ ಹತ್ರ ಒಂಚೂರು ಒಳಗೆ ಹಿಡಿದು ಹೊಲಿದಿದ್ದಾರೆ."

"ಶಭಾಷ್! ಆ ಹಿಡಿದಿರೋದೇ ಗುಟ್ಟು. ರೋಟರ್ ತಿರುಗುವಾಗ ಮೂರು ಮೂಲೆನೂ ಗೋಡೆ ಬಿಡಬಾರದು. ಆಗ ಮಧ್ಯೆ ಮೂರು ಕೋಣೆ ಆಗತ್ತೆ. ತಿರುಗ್ತಾ ತಿರುಗ್ತಾ ಒಂದೊಂದು ಕೋಣೆನೂ ದೊಡ್ಡದಾಗತ್ತೆ, ಚಿಕ್ಕದಾಗತ್ತೆ. ದೊಡ್ಡದಾಗುವಾಗ ಪೆಟ್ರೋಲು ಗಾಳಿ ಒಳಗೆ ಎಳ್ಕೊಳತ್ತೆ. ಚಿಕ್ಕದಾಗುವಾಗ ಅದುಮತ್ತೆ. ಅಲ್ಲಿ ಪ್ಲಗ್ ಕಿಡಿ ಹಾರಿಸತ್ತೆ, ಉರಿದಿದ್ದು ರೋಟರನ್ನ ದಬ್ಬತ್ತೆ, ಆಮೇಲೆ ಹೊಗೆ ಆಚೆ. ಒಂದು ಕೋಣೆ ಉಣ್ತಿರುವಾಗ ಇನ್ನೊಂದು ಅಗೀತಿರತ್ತೆ, ಮತ್ತೊಂದು..."

"ಸಾಕು, ಸಾಕು. ಮತ್ತೊಂದು ಏನು ಮಾಡತ್ತೆ ಅಂತ ಗೊತ್ತಾಯ್ತು."

ಇಬ್ಬರೂ ನಕ್ಕರು. ನಗುವಾಗ ಅವನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದನ್ನು ಅವಳು ನೋಡಿದಳು.

ಎಂಜಿನ್ನಿಗೆ ರೋಟರ್ ಎರಡು, ಎರಡರ ನಡುಮಧ್ಯದಿಂದಲೂ ಹಾಯುವ ಶಾಫ್ಟ್ ಒಂದು. ತಿರುಗುವ ದೊಡ್ಡ ಭಾಗಗಳು ಇಷ್ಟೇ. ವಾಲ್ವ್ ಇಲ್ಲ, ಅದನ್ನು ತೆರೆದು ಮುಚ್ಚುವ ನೂರೆಂಟು ತಂಟೆ ಇಲ್ಲ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಬಂದಿರುತ್ತದೆ. ಎಲ್ಲ ಸೇರಿಸಿದರೂ ಅವಳ ಹೊಲಿಗೆ ಮೇಜಿನ ಅರ್ಧ ಜಾಗ ಸಾಕು. ಅಷ್ಟು ಪುಟ್ಟ ದೇಹದಲ್ಲಿ ದೊಡ್ಡ ಎಂಜಿನ್ನಿನ ಶಕ್ತಿ.

"ಇಷ್ಟು ಒಳ್ಳೇದಾಗಿದ್ರೆ ಎಲ್ಲಾ ಕಾರಿಗೂ ಇದನ್ನೇ ಯಾಕೆ ಹಾಕ್ಲಿಲ್ಲ?" ಎಂದು ಅವಳು ಕೇಳಿದಳು. ಅವನ ಮುಖ ಸಣ್ಣಗಾಯಿತು, ಫೇಲಾದ ಮಗನ ಅಂಕ ಎಷ್ಟೆಂದು ಯಾರೋ ಕೇಳಿದಾಗ ಅಪ್ಪನಿಗಾಗುವ ಹಾಗೆ.

"ಕೋಣೆ ಉದ್ದ, ತೆಳು. ಬೆಂಕಿ ಮೂಲೆ ಮೂಲೆಗೂ ಮುಟ್ಟಲ್ಲ. ಒಂದಿಷ್ಟು ಪೆಟ್ರೋಲ್ ಉರೀದೇ ಆಚೆ ಹೋಗತ್ತೆ. ಹೊಗೆ ಜಾಸ್ತಿ, ಕುಡಿಯೋದೂ ಜಾಸ್ತಿ. ಮೂಲೆ ಸೀಲ್ ಗೋಡೆಗೆ ಉಜ್ಜಿ ಉಜ್ಜಿ ಸವೀತವೆ. ಸವೀದೇ ಇರ್ಲಿ ಅಂತ ತೊಟ್ಟು ತೊಟ್ಟು ಆಯಿಲ್ ಒಳಗೆ ಬಿಡಬೇಕು, ಅದೂ ಉರಿದು ಹೋಗತ್ತೆ. ಜನಕ್ಕೆ ಇದು ಗೊತ್ತಿರಲ್ಲ, ಆಯಿಲ್ ನೋಡದೆ ಓಡಿಸಿ ಹಾಳ್ಮಾಡ್ತಾರೆ." ಮತ್ತೆ ಸೇರಿಸಿದ: "ಇನ್ನೊಂದು ಇದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ್ರೆ ಬಿಸಿಯಾಗೋ ತನಕ ಆಫ್ ಮಾಡಬಾರದು. ತಣ್ಣಗಿರುವಾಗ ಅದಕ್ಕೆ ಪೆಟ್ರೋಲ್ ಹೆಚ್ಚು ಹೋಗತ್ತೆ. ತಕ್ಷಣ ಆಫ್ ಮಾಡಿದ್ರೆ ಅದೆಲ್ಲ ಒಳಗೇ ನಿಂತು, ಗೋಡೆಗಿರೋ ಆಯಿಲ್ ತೊಳೆದುಹೋಗಿ, ಸೀಲ್ ಗಾಳಿ ಹಿಡಿಯಲ್ಲ. ಆಮೇಲೆ ತಲೆಕೆಳಗಾಗಿ ನಿಂತ್ರೂ ಹತ್ತಲ್ಲ."

"ಅಬ್ಬಾ, ಏನು ಬಿಂಕ ಇವಳಿಗೆ," ಎಂದಳು ಅವಳು.

ಒಂಬತ್ತು ದಿನ ಹಿಡಿಯಿತು. ಸೀಲ್ ಅಂದರೆ ರೋಟರಿನ ಮೂಲೆಯ ಗೀರಿನಲ್ಲಿ ಕೂರುವ ಕಡ್ಡಿಯಂಥ ಲೋಹದ ಪಟ್ಟಿ. ಅದರ ಕೆಳಗೆ ಉಗುರಿಗಿಂತ ತೆಳುವಾದ ಸ್ಪ್ರಿಂಗು, ಪಕ್ಕಗಳಿಗೆ ಇನ್ನಷ್ಟು ಪಟ್ಟಿ, ಮೂಲೆಗಳಿಗೆ ಗುಂಡಿಯಂಥ ಬಿಲ್ಲೆ. ಇವನ್ನೆಲ್ಲ ವ್ಯಾಸಲೀನ್ ಹಚ್ಚಿ ಅಂಟಿಸಿ, ಬೀಳದಂತೆ ಹಿಡಿದು, ರೋಟರನ್ನು ಅದರ ಮನೆಯೊಳಗೆ ಇಳಿಸಬೇಕು. ಮೂರು ಸಲ ಸ್ಪ್ರಿಂಗ್ ಚಂಗನೆ ಹಾರಿ ಶೆಡ್ಡಿನ ಮೂಲೆ ಸೇರಿತು. ಅವಳು ಮಂಡಿಯೂರಿ ಹುಡುಕುತ್ತ, ಸವತಿಗೆ ಇದ್ದಬದ್ದ ಬೈಗುಳವನ್ನೆಲ್ಲ ಬೈದಳು. ಅವನು ಕೂತಲ್ಲಿಂದ "ಪಾಪ, ಅದಕ್ಕೇನು ಗೊತ್ತಾಗತ್ತೆ, ಬಿಡೇ" ಎನ್ನುತ್ತಿದ್ದ. ಎರಡನೆಯ ರೋಟರಿನ ಹೊತ್ತಿಗೆ ಅವಳು ಅವನನ್ನು ಕೇಳುವುದನ್ನೇ ಬಿಟ್ಟಿದ್ದಳು. ಸೋಮವಾರ ಬ್ಯಾಟರಿ ಅಂಗಡಿಯವನು, ಅವನ ಹಳೆಯ ಗೆಳೆಯ, ಚೈನ್ ಹಾಕಿ ಎಂಜಿನ್ ಎತ್ತಿ ಕಾರಿಗೆ ಕೂರಿಸಿಕೊಟ್ಟ. ಮಂಗಳವಾರ ಅವಳು ಪೈಪು ವಯರುಗಳನ್ನು ಜೋಡಿಸಿ ಮುಗಿಸಿದಳು.

ಬುಧವಾರ ಬೆಳಿಗ್ಗೆ ಹತ್ತೂವರೆ. ಆಸ್ಪತ್ರೆಯ ಗಾಡಿ ಎರಡು ಗಂಟೆಗೆ ಬರುವುದಿತ್ತು. ತಲೆನೋವಿನ ಮಾತ್ರೆ ನುಂಗಿ ಅವನು ಮಲಗಿದ್ದ. ಅವಳು ಒಬ್ಬಳೇ ಶೆಡ್ಡಿಗೆ ಬಂದಳು. ಅವನನ್ನು ಕರೆತಂದು ಕೂರಿಸಿದ ಮೇಲೆ ಎಂಜಿನ್ ಹತ್ತದಿದ್ದರೆ? ಅವನ ಆ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಒಮ್ಮೆ ಪರೀಕ್ಷಿಸಿಯೇ ಕರೆಯೋಣ ಎಂದುಕೊಂಡು ಕೀಲಿ ತಿರುಗಿಸಿದಳು. ಸ್ಟಾರ್ಟರ್ ಕೊರಗಿತು, ಮತ್ತೆ ಕೊರಗಿತು, ಹಿಂದಿನಿಂದ ವ್ಯಾಸಲೀನಿನ ಬಿಳಿಹೊಗೆ ಬಂತು, ಆಮೇಲೆ ಇದ್ದಕ್ಕಿದ್ದಂತೆ ಎಂಜಿನ್ ಹತ್ತಿತು! ಶೆಡ್ಡಿನ ತಗಡು ಗುಂಯ್ ಎಂದಿತು. ಅವಳು ಚಪ್ಪಾಳೆ ತಟ್ಟಿದಳು, ಅತ್ತಳು, ಕೀಲಿ ತಿರುಗಿಸಿ ಆರಿಸಿದಳು, "ರೀ! ರೀ! ಬನ್ನಿ!" ಎಂದು ಓಡಿದಳು.

ಆರಿಸಿದ್ದೇಕೆ ಎಂದು ಆಮೇಲೆ ಎಷ್ಟು ಜನ ಕೇಳಿದರೋ. ಅವಳು ತನ್ನನ್ನು ತಾನೇ ಕೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ. ಹೊಲಿಗೆ ಕಲಿಯುತ್ತಿದ್ದಾಗ ಒಮ್ಮೆ ಮೋಟರ್ ಆರಿಸದೆ ಏಳಲು ಹೋಗಿ ಸೂಜಿ ಬೆರಳೊಳಗೆ ಇಳಿದಿತ್ತು. ಅವತ್ತಿನಿಂದ ಮನೆಗೆ ಬೆಂಕಿ ಬಿದ್ದರೂ ಸ್ವಿಚ್ ಆರಿಸದೆ ಅವಳು ಕೂತಲ್ಲಿಂದ ಎದ್ದವಳಲ್ಲ. ಕೈಗೆ ಮೂವತ್ತು ವರ್ಷದ ಅಭ್ಯಾಸ, ತಲೆಗೆ ಒಂಬತ್ತು ದಿನದ ಪಾಠ. ಗೆದ್ದದ್ದು ಕೈ.

ಅವನನ್ನು ತೋಳು ಹಿಡಿದು ಕರೆತಂದಳು. ಅವನು ಅಂಗಿ ಬದಲಿಸಿ, ತಲೆ ಬಾಚಿ ಬಂದಿದ್ದ. ಕುರ್ಚಿಯನ್ನು ಎಡಗಿವಿ ಎಂಜಿನ್ ಕಡೆ ಬರುವಂತೆ ತಿರುಗಿಸಿ ಕೂತು, ಕಣ್ಣು ಮುಚ್ಚಿದ.

ಅವಳು ಕೀಲಿ ತಿರುಗಿಸಿದಳು. ಸ್ಟಾರ್ಟರ್ ತಿರುಗಿತು. ಎಂಜಿನ್ ಹತ್ತಲಿಲ್ಲ. ಇನ್ನೊಮ್ಮೆ. ಇಲ್ಲ. ನಾಲ್ಕನೆಯ ಸಲಕ್ಕೆ ಶೆಡ್ಡಿನಲ್ಲಿ ಪೆಟ್ರೋಲಿನ ವಾಸನೆ ತುಂಬಿತು. ಅವನು ಕಣ್ಣು ತೆರೆದ.

"ಮುಂಚೆ ಒಂದ್ಸಲ ಸ್ಟಾರ್ಟ್ ಮಾಡಿ ಆಫ್ ಮಾಡಿದ್ಯಾ?"

ಆಗ ಅವಳಿಗೆ ನೆನಪಾಯಿತು. ಸ್ಟಿಯರಿಂಗ್ ಮೇಲೆ ತಲೆಯಿಟ್ಟಳು.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇರ್ಲಿ. ಮೊದ್ಲು ಪೆಟ್ರೋಲ್ ಎತ್ತೋ ಪಂಪಿನ ಫ್ಯೂಸ್ ತೆಗಿ. ಪ್ಲಗ್ ನಾಲ್ಕೂ ಬಿಚ್ಚು," ಎಂದ. ಅವಳು ಬಿಚ್ಚಿದಳು. ಪ್ಲಗ್ಗುಗಳನ್ನು ಒಲೆಯ ಮೇಲೆ ಕಾಯಿಸಿ ಒಣಗಿಸಿದಳು. ತೂತಿನಿಂದ ಪೆಟ್ರೋಲ್ ಉಗುಳುವವರೆಗೂ ಸ್ಟಾರ್ಟರ್ ತಿರುಗಿಸಿದಳು. ಪ್ರತಿ ಕೋಣೆಗೂ ಒಂದೊಂದು ಚಮಚ ಆಯಿಲ್ ಬಿಟ್ಟಳು. ಹಾಗೆ ತಿರುಗಿಸುವಾಗ ಅವನು ಕೈ ಎತ್ತಿ "ಇರು" ಎಂದ. ಬುಸ್, ಬುಸ್, ಬುಸ್.

"ಮೂರೂ ಸಮ ಇದೆ," ಎಂದ. "ನಿನ್ನ ಕೆಲಸದಲ್ಲಿ ಒಂದು ತಪ್ಪಿಲ್ಲ ಕಣೇ. ನಾನು ಜೋಡಿಸಿದ್ರೂ ಇಷ್ಟೇ."

ಆ ಹೊಗಳಿಕೆಗೆ ಅವಳು ಮುಖ ತಿರುಗಿಸಿಕೊಂಡಳು. ಪ್ಲಗ್ ಹಾಕಿ ಮತ್ತೆ ಪ್ರಯತ್ನಿಸಿದರು. ಬ್ಯಾಟರಿ ಸತ್ತಿತು. ಗೆಳೆಯ ಇನ್ನೊಂದು ಬ್ಯಾಟರಿ ತಂದ, ಅದೂ ದಣಿಯಿತು. ಒಂದೂವರೆಗೆ ಎಂಜಿನ್ ಒಮ್ಮೆ ಕೆಮ್ಮಿತು, ಅಷ್ಟೆ. ಪ್ಲಗ್ಗುಗಳು ಮತ್ತೆ ಒದ್ದೆ. ಎರಡಕ್ಕೆ ಸರಿಯಾಗಿ ಆಸ್ಪತ್ರೆಯ ಗಾಡಿ ಬಾಗಿಲಿಗೆ ಬಂತು. ಅವಳು ಆಸ್ಪತ್ರೆಗೆ ಫೋನ್ ಮಾಡಿ ಒಂದೇ ಒಂದು ದಿನ ಮುಂದೂಡಿ ಎಂದು ಅಂಗಲಾಚಿದಳು. ಈ ದಿನ ತಪ್ಪಿದರೆ ಏಳು ವಾರ, ಗಡ್ಡೆ ಅಷ್ಟು ಕಾಯುವುದಿಲ್ಲ ಎಂದರು. ಅವನೇ ಅವಳ ಕೈಯಿಂದ ಫೋನ್ ತೆಗೆದು ಇಟ್ಟ.

"ನಡಿ, ಹೋಗೋಣ."

ಆಸ್ಪತ್ರೆ ಮುಕ್ಕಾಲು ಗಂಟೆಯ ದಾರಿ. ಗಾಡಿಯೊಳಗೆ ಅವಳು ಅವನ ಎಡಗಡೆಯೇ ಕೂತಳು. ಬಾಯಿ ತೆರೆದರೆ ಗೋಳೋ ಎಂದು ಅತ್ತುಬಿಡುತ್ತೇನೆ, ನಾಳೆ ಕತ್ತಿಗೆ ತಲೆ ಕೊಡುವವನನ್ನು ಇವತ್ತು ಹೆದರಿಸಬಾರದು ಎಂದು ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಜೊತೆಗೆ ಯಾವ ಮುಖ ಹೊತ್ತು ಮಾತಾಡುವುದು ಎಂಬ ನಾಚಿಕೆ ಬೇರೆ.

"ಏನಾದ್ರೂ ಹೇಳೇ," ಎಂದ ಅವನು.

ಅವಳು ತಲೆಯಲ್ಲಾಡಿಸಿದಳು.

"ಹೋಗ್ಲಿ, ಯಾರ ಮೇಲಾದ್ರೂ ಚಾಡಿನಾದ್ರೂ ಹೇಳು."

ಅವಳು ಅವನ ಕೈ ಒತ್ತಿದಳು, ಅಷ್ಟೆ. ಅವನು ಇನ್ನೊಮ್ಮೆ ಕೇಳಲಿಲ್ಲ. ಗಾಡಿಯ ಎಂಜಿನ್ ಗಡಗಡ ಎನ್ನುತ್ತಿತ್ತು, ಚಾಲಕ ಆಗಾಗ ಹಾರ್ನ್ ಹೊಡೆಯುತ್ತಿದ್ದ. ಆ ವಾರ್ಡಿನಲ್ಲಿ ಜೊತೆಗಿರಲು ಯಾರನ್ನೂ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ಅವನ ಚೀಲ ಇಸಿದುಕೊಂಡರು. ಮರುದಿನ ಬೆಳಿಗ್ಗೆ ಅವಳು ಓಡೋಡಿ ಬರುವಷ್ಟರಲ್ಲಿ ಅವನನ್ನು ಒಳಗೆ ಕರೆದೊಯ್ದಿದ್ದರು.

ಜೀವ ಉಳಿಯಿತು. ಡಾಕ್ಟರು ಹೇಳಿದ್ದೆಲ್ಲ ಅಕ್ಷರಶಃ ನಿಜವಾಯಿತು.

ಮೂರು ವಾರಕ್ಕೆ ಮನೆಗೆ ಬಂದ. ತಲೆಗೆ ಪಟ್ಟಿ, ಕೈಯಲ್ಲಿ ಸಣ್ಣ ನಡುಕ. ಅವನು ಮಾತಾಡುತ್ತಿದ್ದ, ಆದರೆ ತನ್ನ ದನಿ ತನಗೇ ಕೇಳದ್ದರಿಂದ ಒಮ್ಮೆ ಕಿರುಚಿದಂತೆ, ಒಮ್ಮೆ ಪಿಸುಗುಟ್ಟಿದಂತೆ. ಅವಳು ಕಪ್ಪು ಬಟ್ಟೆಯ ತುಂಡಿನ ಮೇಲೆ ಹೊಲಿಗೆಯ ಸೀಮೆಸುಣ್ಣದಿಂದ ಬರೆದು ತೋರಿಸುತ್ತಿದ್ದಳು: ಊಟ, ಮಾತ್ರೆ, ಸ್ನಾನ. ಇಪ್ಪತ್ತಾರು ವರ್ಷದ ವಾಚಾಳಿ ಎರಡೆರಡು ಅಕ್ಷರಕ್ಕೆ ಇಳಿದಿದ್ದಳು.

ಅವನು ಆಸ್ಪತ್ರೆಯಲ್ಲಿದ್ದಾಗಲೇ ಗೆಳೆಯನ ಜೊತೆ ಸೇರಿ ಅವಳು ಎಂಜಿನ್ ಒಣಗಿಸಿ, ಹೊಸ ಪ್ಲಗ್ ಹಾಕಿ ಓಡಿಸಿ ಇಟ್ಟಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಅವನನ್ನು ಶೆಡ್ಡಿಗೆ ಕರೆತಂದಳು. ಕೇಳಿಸದಿದ್ದರೇನು, ಮುಟ್ಟಿದರೆ ತಿಳಿಯುತ್ತದಲ್ಲ ಎಂಬ ಆಸೆ. ಎಂಜಿನ್ ಹತ್ತಿಸಿ, ಅವನ ಅಂಗೈಯನ್ನು ಬಾನೆಟ್ ಮೇಲೆ ಇಟ್ಟಳು.

ಮಾಮೂಲಿ ಎಂಜಿನ್ನಾಗಿದ್ದರೆ ಮೈಯೆಲ್ಲ ಅದುರುತ್ತಿತ್ತು. ಮೇಲೆ ಕೆಳಗೆ ಓಡುವುದೇನೂ ಇಲ್ಲದ್ದರಿಂದ ಇದು ಅದುರುವುದೇ ಕಡಿಮೆ. ಅದನ್ನೇ ಅವನು ಗಿರಾಕಿಗಳ ಮುಂದೆ ಎದೆಯುಬ್ಬಿಸಿ ಹೊಗಳುತ್ತಿದ್ದ. ಈಗ ಅಂಗೈ ಒತ್ತಿ, ಹುಬ್ಬು ಗಂಟಿಕ್ಕಿ ಎಷ್ಟೋ ಹೊತ್ತು ನಿಂತ.

"ನಡುಗ್ತಿರೋದು ಇದಾ, ನನ್ನ ಕೈಯಾ?" ಎಂದು ಕೇಳಿದ.

ಅವಳು ಬಾನೆಟ್ ಮೇಲೆ ಸೀಮೆಸುಣ್ಣದಿಂದ ಬರೆದಳು: ಓಡ್ತಾ ಇದೆ. ಅದರ ಕೆಳಗೆ, ಕಣ್ಣೀರು ತಡೆಯಲಾಗದೆ, ಸೊಟ್ಟ ಸೊಟ್ಟ ಬರೆದಳು: ಅವತ್ತು ಕೇಳಿಸ್ಲಿಲ್ಲ, ನನ್ನಿಂದ್ಲೇ. ಕ್ಷಮಿಸಿ.

ಅವನು ಓದಿದ. ಅಂಗಿಯ ತೋಳಿನಿಂದ ಆ ಎರಡನೆಯ ಸಾಲನ್ನು ಒರೆಸಿ ಹಾಕಿದ.

"ಇದರ ಸದ್ದು ನನಗೆ ಗೊತ್ತು ಕಣೇ," ಎಂದ, ಅಗತ್ಯಕ್ಕಿಂತ ಜೋರಾಗಿ. "ಮೂವತ್ತು ವರ್ಷ ಕಿವಿಕೊಟ್ಟು ಕೇಳಿದ್ದೀನಿ. ಕಣ್ಣು ಮುಚ್ಚಿದ್ರೆ ಈಗ್ಲೂ ಬರತ್ತೆ. ಬರದೇ ಇರೋದು ನಿಂದು. ನಿನ್ನ ಬಾಯಿ ಆಡೋದು ಕಾಣತ್ತೆ, ದನಿ ಹೇಗಿತ್ತು ಅಂತ ನೆನಪಿಗೆ ಬರ್ತಾ ಇಲ್ಲ. ದಿನಾ ಇರತ್ತಲ್ಲ ಅಂತ ನಾನು ಯಾವತ್ತೂ ಗಮನ ಕೊಡ್ಲಿಲ್ಲ. ಅವತ್ತು ಗಾಡೀಲಿ ಚೆನ್ನಾಗಿ ಕೇಳಿಸ್ಕೊಂಡು ಇಟ್ಕೊಳೋಣ ಅಂತ ಕೂತಿದ್ದೆ. ನೀನು ಬಾಯೇ ಬಿಡ್ಲಿಲ್ಲ."

ಅವಳ ಕೈಯಿಂದ ಸೀಮೆಸುಣ್ಣ ಬಿತ್ತು, ಬಿದ್ದು ಎರಡಾಯಿತು. ಅದನ್ನು ಅವಳು ಎತ್ತಿಕೊಳ್ಳಲಿಲ್ಲ. ಅವನ ಎರಡೂ ಕೈ ಹಿಡಿದುಕೊಂಡು ಅವಳು ಮಾತಾಡತೊಡಗಿದಳು. ಬಾಯಿಗೆ ಬಂದದ್ದೆಲ್ಲ, ಅವತ್ತಿನ ಮುಕ್ಕಾಲು ಗಂಟೆಗೆ ಸಾಲುವಷ್ಟು, ಅಳುತ್ತ, ನಿಲ್ಲಿಸದೆ ಮಾತಾಡಿದಳು. ಅವನು ಅವಳ ತುಟಿಗಳನ್ನೇ ನೋಡುತ್ತ, "ಹೂಂ, ಹೂಂ" ಎನ್ನುತ್ತ ನಿಂತಿದ್ದ.